ಅರಳಿ ಎಲೆ ಜಾಲರಿ: ಉಜ್ಜುವಾಗಲೇ ಹರಿದು ಹೋಗುತ್ತಿದೆ, ಎಲ್ಲಿ ತಪ್ಪುತ್ತಿದೆ?

ಸೂಜಿದಾರ

ಬೇಸಿಗೆ ಶಿಬಿರಕ್ಕೆ ಒಂದು ಕೈಕೆಲಸ ಗೊತ್ತು ಮಾಡಬೇಕಿದೆ. ಎಂಟರಿಂದ ಹದಿಮೂರು ವಯಸ್ಸಿನ 20 ಮಕ್ಕಳು. ಅರಳಿ ಎಲೆಯ ಹಸಿರು ತೆಗೆದು, ನರಗಳ ಜಾಲರಿ ಮಾತ್ರ ಉಳಿಸಿ, ಕಾರ್ಡಿಗೆ ಅಂಟಿಸಿ, ಹೆಸರು ಇಸವಿ ಬರೆದು ಮನೆಗೆ ನೆನಪಿಗೆ ಒಯ್ಯಬೇಕು ಅನ್ನೋದು ಯೋಚನೆ. ಸೋಡಾ ಹಾಕಿ ಒಂದು ಗಂಟೆ ಕುದಿಸಿದ ಎಲೆ ಮೂರು ಥರ ಆಗ್ತಿದೆ. ಕೆಲವು ಬ್ರಷ್ ತಾಗಿದ ಕೂಡಲೇ ನರ ಸಮೇತ ಹರೀತವೆ. ಕೆಲವದರಲ್ಲಿ ಅಲ್ಲಲ್ಲಿ ಹಸಿರು ಬಿಡೋದೇ ಇಲ್ಲ. ಚೆನ್ನಾಗಿ ಬಂದದ್ದರಲ್ಲೂ ತುದಿಯ ಬಾಲ ಮುರಿಯುತ್ತೆ. ಎಲ್ಲವೂ ಒಂದೇ ಮರದ ಎಲೆ, ಒಂದೇ ಪಾತ್ರೆ. ತಿಳಿದವರು ಹೇಳಿ.

ಕಟ್ಟೆಪುರಾಣ

ಎಲೆ ಯಾವಾಗ ಕಿತ್ತದ್ದು? ಅರಳಿ ಮರ ಶಿವರಾತ್ರಿ, ಯುಗಾದಿ ಆಸುಪಾಸಿನಲ್ಲಿ ಹಳೆ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡುತ್ತೆ. ಏಪ್ರಿಲ್‌ನಲ್ಲಿ ಮರ ಹಸಿರಾಗಿ ಕಂಡರೂ ಅರ್ಧಕ್ಕರ್ಧ ಎಲೆ ಇನ್ನೂ ಎಳಸು. ಅದರ ಸಣ್ಣ ನರ ಇನ್ನೂ ಬಲಿತಿರಲ್ಲ, ಸೋಡಾದಲ್ಲಿ ತಿರುಳಿನ ಜೊತೆ ಅದೂ ಕರಗಿ ಹೋಗುತ್ತೆ. ಹರಿಯೋ ಎಲೆಗಳು ಅವೇ ಇರಬೇಕು.

ನೋಡೋದು ಸುಲಭ. ಎಲೆಯ ಅಂಚನ್ನು ಬೆರಳಲ್ಲಿ ಮಡಚಿ. ಬಟ್ಟೆ ಥರ ಮಡಚಿಕೊಂಡರೆ ಎಳಸು. ಚಟ್ ಅಂತ ಗೆರೆ ಬಿದ್ದರೆ ಬಲಿತದ್ದು. ಕಡು ಹಸಿರು, ಮೇಲೆ ಹೊಳಪು, ಹುಳ ತಿಂದ ತೂತಿಲ್ಲದ್ದು ಆರಿಸಿ. ಒಂದೇ ಮರದಲ್ಲೂ ಕೊಂಬೆಯ ಬುಡದ ಕಡೆ ಇರೋವು ಮೊದಲು ಬಲಿತಿರುತ್ತವೆ.

ಅಂಟುವಾಳ

ಮೊದಲ ಪ್ರಶ್ನೆ: ಯಾವ ಸೋಡಾ? ಅಡುಗೆ ಸೋಡಾ ಆಗಿದ್ರೆ ಹಸಿರು ಬಿಡದೇ ಇರೋದಕ್ಕೆ ಅದೇ ಕಾರಣ. ಅದು ತೀರಾ ಮೆತ್ತಗಿನ ಕ್ಷಾರ. ಬೇಕಾದ್ದು ವಾಷಿಂಗ್ ಸೋಡಾ, ಅಂದ್ರೆ ಸೋಡಿಯಂ ಕಾರ್ಬೊನೇಟ್. ದಿನಸಿ ಅಂಗಡಿಯಲ್ಲಿ ಬಟ್ಟೆ ಒಗೆಯೋ ಸೋಡಾ ಅಂತ ಕೇಳಿದರೆ ಕೊಡ್ತಾರೆ. ಒಂದು ಲೀಟರ್ ನೀರಿಗೆ 100 ಗ್ರಾಂ.

ಎರಡನೇದು, ಪಾತ್ರೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಬಿಸಿ ಸೋಡಾ ನೀರು ಅಲ್ಯೂಮಿನಿಯಮನ್ನೇ ತಿನ್ನುತ್ತೆ, ಪಾತ್ರೆ ಕಪ್ಪಾಗಿ ಹೈಡ್ರೋಜನ್ ಗುಳ್ಳೆ ಏಳುತ್ತೆ. ಸ್ಟೀಲ್ ಪಾತ್ರೆ ಸರಿ, ಆದರೆ ಆಮೇಲೆ ಅದನ್ನ ಅಡುಗೆಗೆ ತರಬೇಡಿ.

ಸೂಜಿದಾರ

ಪಾತ್ರೆ ಸ್ಟೀಲಿನದೇ. ಸೋಡಾ ಪ್ಯಾಕೆಟ್ ಮೇಲೆ ‘ಬೇಕಿಂಗ್’ ಅಂತಲೇ ಇದೆ. ಕ್ಯಾಂಪ್‌ಗೆ ಮೊದಲೇ ಅದನ್ನ ಐದು ಪ್ಯಾಕೆಟ್ ತರಿಸಿ ಇಟ್ಟಿದ್ದಾರೆ!

ಅಂಟುವಾಳ

ಬಿಸಾಡ್ಬೇಡಿ. ಓವನ್ ಇದ್ರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ 200 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ನೀರಾವಿ, ಇಂಗಾಲದ ಡೈ ಆಕ್ಸೈಡ್ ಹೋಗಿ ಉಳಿಯೋದು ವಾಷಿಂಗ್ ಸೋಡಾನೇ. ತೂಕ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಇಳಿದಿರುತ್ತೆ, ಅದೇ ಗುರುತು. ಕಣ್ಣಿಗೆ, ಒದ್ದೆ ಕೈಗೆ ತಾಗಿಸಬೇಡಿ.

ಮತ್ತೆ ಯಾರಾದ್ರೂ ಇಲ್ಲಿ ಬಂದು ‘ಕಾಸ್ಟಿಕ್ ಸೋಡಾ ಹಾಕಿ, ಹತ್ತು ನಿಮಿಷದಲ್ಲಿ ಆಗುತ್ತೆ’ ಅಂತ ಹೇಳೋ ಮೊದಲೇ ಹೇಳ್ಬಿಡ್ತೀನಿ: ಮಕ್ಕಳಿರೋ ಕಡೆ ಬೇಡ. ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ನಿಧಾನವೇಪ್ರಧಾನ

ಕುದಿಸೋದ್ಯಾಕೆ ಅಂತ? ನೀರಲ್ಲಿ ಕೊಳೆಸಿ. ಬಕೆಟ್ ನೀರಿಗೆ ಎಲೆ ಹಾಕಿ, ಮೇಲೆ ತಟ್ಟೆ ಕವುಚಿ ಕಲ್ಲು ಹೇರಿ, ಒಂದು ಎಲೆಯೂ ತೇಲಬಾರದು. ತೇಲಿದ ಭಾಗ ಕೊಳೆಯಲ್ಲ, ಕಂದು ಕಲೆಯಾಗಿ ಉಳಿಯುತ್ತೆ. ಒಂದು ಹಿಡಿ ತೋಟದ ಮಣ್ಣೋ ಕೆರೆ ನೀರೋ ಹಾಕಿದರೆ ಬ್ಯಾಕ್ಟೀರಿಯಾ ಬೇಗ ಹಿಡಿಯುತ್ತೆ. ಬೇಸಿಗೆಯ ಸೆಕೆಗೆ ಮೂರರಿಂದ ನಾಲ್ಕು ವಾರ. ವಾರಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಕೆಲಸ ಮಾಡೋ ಬ್ಯಾಕ್ಟೀರಿಯಾವನ್ನೇ ಚೆಲ್ಲಿದ ಹಾಗೆ.

ಜೀವಕೋಶಗಳನ್ನ ಅಂಟಿಸಿ ಹಿಡಿದಿರೋದು ಪೆಕ್ಟಿನ್. ಬ್ಯಾಕ್ಟೀರಿಯಾ ತಿನ್ನೋದು ಅದನ್ನ. ನರದಲ್ಲಿರೋ ಲಿಗ್ನಿನ್ ಅನ್ನೋ ಗಟ್ಟಿ ಪದಾರ್ಥ ಅವಕ್ಕೆ ಸುಲಭಕ್ಕೆ ಜೀರ್ಣ ಆಗಲ್ಲ. ಅದಕ್ಕೇ ಕೊಳೆಸಿದ ಜಾಲರಿ ಗಟ್ಟಿ, ಸೋಡಾದ್ದು ಪುಸುಕು.

ಅಂಟುವಾಳ

@ನಿಧಾನವೇಪ್ರಧಾನ, ಸ್ವಾಮೀ, ಶಿಬಿರ ಇರೋದೇ ಎರಡು ವಾರ ಇರಬಹುದು. ನಾಲ್ಕು ವಾರ ಕೊಳೆಯೋ ಹೊತ್ತಿಗೆ ಶಾಲೆ ಶುರುವಾಗಿರುತ್ತೆ. ಜೊತೆಗೆ ಆ ನಾತ!

ಸೋಡಾದ್ದು ಪುಸುಕು ಅನ್ನೋದೂ ಪೂರ್ತಿ ನಿಜ ಅಲ್ಲ. ಹೆಚ್ಚು ಹೊತ್ತು ಬೇಯಿಸಿದ್ರೆ ಮಾತ್ರ ಪುಸುಕು. ಕೊತಕೊತ ಕುದಿಸಬಾರದು, ಎಲೆ ಎಲೆಗೆ ಬಡಿದು ಅಂಚು ಹರಿಯುತ್ತೆ. ಸಣ್ಣ ಉರಿ, ನೀರು ಬರೀ ಮಿಸುಕಾಡ್ತಿರಬೇಕು. 45 ನಿಮಿಷಕ್ಕೆ ಒಂದೆಲೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ. ಮೇಲಿನ ಪೊರೆ ಜಾರಿದರೆ ಆಯ್ತು. ಇಲ್ಲದಿದ್ರೆ ಪ್ರತಿ 15 ನಿಮಿಷಕ್ಕೊಮ್ಮೆ ನೋಡ್ತಾ ಹೋಗಿ, ಬಲಿತ ಎಲೆಗೆ ಎರಡು ಗಂಟೆವರೆಗೂ ಬೇಕಾದೀತು. ಇಂಗಿದ ನೀರಿಗೆ ಬಿಸಿನೀರೇ ಸೇರಿಸಿ. ಒಂದು ಲೀಟರಿಗೆ 10-12 ಎಲೆಗಿಂತ ಹೆಚ್ಚು ತುರುಕಬೇಡಿ, ಒಂದಕ್ಕೊಂದು ಅಂಟಿದ ಕಡೆ ಸೋಡಾ ಹೋಗಲ್ಲ. ‘ಅಲ್ಲಲ್ಲಿ ಹಸಿರು’ ಅಂದ್ರಲ್ಲ, ಅದಕ್ಕೆ ಇದೂ ಒಂದು ಕಾರಣ.

ಮುಟ್ಟಾಳೆ

ಕೊಳೆಸುವವರು ಬಕೆಟಿನ ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿ ಮಾರಾಯ್ರೆ. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಟ್ಟರೆ ವಾರ ಹತ್ತು ದಿನದಲ್ಲಿ ಹಾರಿಕೊಂಡು ಹೋಗ್ತದೆ. ಡೆಂಗಿ ಹರಡುವ ಸೊಳ್ಳೆಗೆ ಇಂಥ ಬಕೆಟೇ ಸಾಕು. ಜಾಲರಿ ಆಗುವ ಮೊದಲು ಊರಿಗೆ ಜ್ವರ ಬಂದೀತು.

ಧಾರವಾಡಪೇಡೆ

ಎರಡೂ ಮಾಡ್ರಿ, ಜಗಳ ಯಾಕ? ಒಂದು ವಾರ ನೀರಾಗ ನೆನಸಿ ಆಮ್ಯಾಲ ಅರ್ಧ ಪ್ರಮಾಣದ ಸೋಡಾದಾಗ ಅರ್ಧ ತಾಸು ಕುದಿಸಿದ್ರ ನಾತಾನೂ ಕಡಿಮಿ, ನರಾನೂ ಗಟ್ಟಿ ಇರ್ತಾವ.

ನಿಧಾನವೇಪ್ರಧಾನ

ಒಪ್ಪಿದೆ. ಆದರೂ ಕೊಳೆಸಿದ್ದೇ ಚೆಂದ.

ತುಳಸಿಕಟ್ಟೆ

ಅರಳಿ ಎಲೆ ಕೀಳೋದೇ ತಪ್ಪಲ್ವಾ? ಜನ ಪೂಜೆ ಮಾಡೋ ಮರ. ಬೇರೆ ಎಲೆ ಸಿಗಲ್ವಾ ನಿಮಗೆ?

ಕಟ್ಟೆಪುರಾಣ

ಕೀಳೋದು ಬೇಡ ಅನ್ನೋರು ಉದುರಿದ್ದನ್ನೇ ಆರಿಸಬಹುದು ಅಕ್ಕ, ಕೆಲಸ ಕೆಡಲ್ಲ. ಆವತ್ತೇ ಬಿದ್ದ ಹಳದಿ ಎಲೆ, ಇನ್ನೂ ಬಾಗುವಂಥದ್ದು ಆಗಬೇಕು. ಒಣಗಿ ಕಂದಾಗಿ ಸುರುಟಿದ್ದು ಬೇಡ, ಅದರ ನರ ಆಗಲೇ ಅಲ್ಲಲ್ಲಿ ಮುರಿದಿರುತ್ತೆ. ಬಿಡಿಸಿ ಚಪ್ಪಟೆ ಮಾಡೋಕೆ ಹೋದರೆ ಇನ್ನಷ್ಟು ಮುರಿಯುತ್ತೆ. ಬೋಧಗಯಾದಲ್ಲೇ ಅರಳಿ ಎಲೆ ಜಾಲರಿ ಮೇಲೆ ಬುದ್ಧನ ಚಿತ್ರ ಬರೆದು ಮಾರ್ತಾರೆ, ಅಪಚಾರ ಅಂತ ಅಲ್ಲಿ ಯಾರೂ ತಿಳಿದಿಲ್ಲ.

ಬೇರೆ ಎಲೆ ಅಂದ್ರೆ ರಬ್ಬರ್ ಎಲೆ ಚೆನ್ನಾಗಿ ಬರುತ್ತೆ. ಥಾಯ್ಲೆಂಡಿನಿಂದ ಪ್ಯಾಕೆಟ್‌ನಲ್ಲಿ ಬರೋ ಬಣ್ಣದ ಜಾಲರಿ ಎಲೆಗಳಲ್ಲಿ ಬಹಳಷ್ಟು ಅದೇ. ಸುಳ್ಯ, ಪುತ್ತೂರು ಕಡೆಯವರಿಗೆ ತೋಟದಲ್ಲೇ ರಾಶಿ ಸಿಗುತ್ತೆ. ದಾಸವಾಳದ ಎಲೆ ಹಾಕಬೇಡಿ, ಲೋಳೆಯಾಗಿ ಪೂರ್ತಿ ಕರಗುತ್ತೆ.

ರಂಗುರಂಗೋಲಿ

ಬಾಲ ಮುರಿಯೋದರ ಬಗ್ಗೆ ಯಾರೂ ಹೇಳ್ಲಿಲ್ಲ. ಈ ಕೆಲಸದಲ್ಲಿ ಸೋಲು ಗೆಲುವು ನಿರ್ಧಾರ ಆಗೋದೇ ಉಜ್ಜೋ ಹೊತ್ತಲ್ಲಿ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ.

ಎಲೆಯನ್ನ ಕೈಯಲ್ಲಿ ಹಿಡಿದು ಉಜ್ಜಬೇಡಿ. ಅಗಲ ತಟ್ಟೆಯಲ್ಲಿ ಎರಡು ಬೆರಳು ಆಳದಷ್ಟು ನೀರು ಹಾಕಿ, ಅದರೊಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಡಿ. ಸ್ಪೈರಲ್ ಬೈಂಡಿಂಗ್‌ಗೆ ಹಾಕ್ತಾರಲ್ಲ ಪಾರದರ್ಶಕ ಹಾಳೆ, ಅದು. ಅದರ ಮೇಲೆ ಎಲೆ, ಬೆನ್ನು ಮೇಲೆ ಮಾಡಿ. ಬೆನ್ನಲ್ಲಿ ನರ ಉಬ್ಬಿರುತ್ತೆ, ಬ್ರಷ್ ಎಲ್ಲಿ ಓಡಬೇಕು ಅಂತ ಕಣ್ಣಿಗೆ ಗೊತ್ತಾಗುತ್ತೆ. ಸಾಫ್ಟ್ ಅಂತ ಬರೆದಿರೋ ಟೂತ್‌ಬ್ರಷ್ ತಗೊಂಡು ಮೊದಲು ತಟ್ಟಬೇಕು, ಎಳೀಬಾರದು. ಬಿರುಗೂದಲು ನೇರ ಕೆಳಗಿಳಿದು ಮೇಲೇಳಬೇಕು. ತಿರುಳು ಮೋಡದ ಥರ ನೀರಿಗೆ ಬಿಡುತ್ತೆ. ಮುಕ್ಕಾಲು ಪಾಲು ಬಿಟ್ಟ ಮೇಲೆ ನಡುನರದಿಂದ ಅಂಚಿನ ಕಡೆಗೆ, ಪಕ್ಕದ ನರ ಓಡೋ ದಿಕ್ಕಲ್ಲೇ ಹಗುರಕ್ಕೆ ಎಳೀರಿ. ಅಂಚಿಂದ ಒಳಕ್ಕೆ ಎಳೆದ್ರೋ, ಹರೀತು ಅಂತಲೇ ಲೆಕ್ಕ.

ಬಾಲಕ್ಕೆ ಟೂತ್‌ಬ್ರಷ್ ಮುಟ್ಟಿಸಲೇಬೇಡಿ. ಎರಡನೇ ನಂಬರಿನ ಬಣ್ಣದ ಕುಂಚ ಸಾಕು, ಬುಡದಿಂದ ತುದಿಗೆ ಒಂದೇ ದಿಕ್ಕು. ಕೊನೇ ಅರ್ಧ ಇಂಚಲ್ಲಿ ಸ್ವಲ್ಪ ತಿರುಳು ಉಳಿದರೂ ಬಿಡಿ, ಒಣಗಿದ ಮೇಲೆ ಕಾಣಲ್ಲ, ಬಾಲವೂ ಗಟ್ಟಿ ಇರುತ್ತೆ. ಮುಗಿದ ಮೇಲೆ ಎಲೆ ಎತ್ತಬಾರದು, ಹಾಳೆ ಎತ್ತಬೇಕು. ಎಲೆ ಅದರ ಮೇಲೆ ಮಲಗಿದ ಹಾಗೇ ಬರಲಿ. ಮುಕ್ಕಾಲು ಪಾಲು ಬಾಲ ಮುರಿಯೋದು ನೀರಿಂದ ಎತ್ತುವಾಗ, ಉಜ್ಜುವಾಗಲ್ಲ.

ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ತಟ್ಟೋ ಕೆಲಸ ಕೊಡಿ, ಎಳೆಯೋ ಕೆಲಸ ಬೇಡ. 20 ಮಕ್ಕಳಿಗೆ 60 ಎಲೆಯಾದರೂ ಬೇಯಿಸಿಟ್ಟಿರಿ. ಕುದಿಸೋದು ದೊಡ್ಡವರು ಮೊದಲೇ ಮಾಡಿ ಮುಗಿಸಬೇಕು, ಮಕ್ಕಳ ಕೈಗೆ ಬರೋ ಹೊತ್ತಿಗೆ ಎಲೆ ನಾಲ್ಕೈದು ನೀರಲ್ಲಿ ತೊಳೆದಿರಬೇಕು.

ಸೂಜಿದಾರ

ಪ್ಲಾಸ್ಟಿಕ್ ಹಾಳೆ ಉಪಾಯ ಕೆಲಸ ಮಾಡ್ತು, ಬಾಲ ಉಳೀತು! ಆದ್ರೆ ಜಾಲರಿ ಟೀ ಬಣ್ಣಕ್ಕಿದೆ. ಬಿಳಿ ಮಾಡೋದು ಹೇಗೆ?

ಗರಿಗರಿ

ವಿನಿಗರ್ ನೀರಲ್ಲಿ ಅದ್ದಿ ಸೋಡಾ ತೆಗೆದು, ಬ್ಲೀಚ್ ಹಾಕಿ. ಹಾಲಿನ ಥರ ಬಿಳಿ ಬರುತ್ತೆ.

ಅಂಟುವಾಳ

@ಗರಿಗರಿ, ಅದನ್ನ ಹಾಗೆ ಒಂದೇ ಉಸಿರಲ್ಲಿ ಹೇಳ್ಬೇಡಿ ದಯವಿಟ್ಟು. ವಿನಿಗರ್, ನಿಂಬೆರಸ ಯಾವ ಹುಳಿಯಾದರೂ ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ. ಮುಚ್ಚಿದ ಕೋಣೆಯಲ್ಲಿ 20 ಮಕ್ಕಳ ಮಧ್ಯೆ ಇದು ಆಟ ಅಲ್ಲ. ವಿನಿಗರ್ ಬಿಟ್ಟೇ ಬಿಡಿ, ನೀರಲ್ಲೇ ಇನ್ನೆರಡು ಸಲ ತೊಳೆದರೆ ಸೋಡಾ ಹೋಗುತ್ತೆ.

ಬ್ಲೀಚ್ ಬೇಕೇ ಬೇಕು ಅಂದ್ರೆ ಒಂದಕ್ಕೆ ಹತ್ತು ಪಾಲು ನೀರು, ಹೊರಗೆ ಗಾಳಿಯಲ್ಲಿ, ದೊಡ್ಡವರ ಕೈಯಲ್ಲಿ, ಹತ್ತು ನಿಮಿಷ. ಹೆಚ್ಚು ಬಿಟ್ಟರೆ ನರವನ್ನೂ ತಿಂದು ಹಾಕುತ್ತೆ. ಅದಕ್ಕಿಂತ ವಾಸಿ, ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. 6 ಪರ್ಸೆಂಟಿನದು ಸಿಕ್ಕರೆ ಅಷ್ಟೇ ನೀರು ಬೆರೆಸಿ ಮೂರಕ್ಕೆ ಇಳಿಸಿ, ಚಿಟಿಕೆ ವಾಷಿಂಗ್ ಸೋಡಾ ಹಾಕಿ, ಬಾಯಿ ಮುಚ್ಚದ ಗಾಜಿನ ತಟ್ಟೆಯಲ್ಲಿ ರಾತ್ರಿ ಬಿಡಿ. ಆಕ್ಸಿಜನ್ ಬಿಡುತ್ತಿರುತ್ತೆ, ಬಿಗಿಯಾಗಿ ಮುಚ್ಚಿದರೆ ಡಬ್ಬಿ ಉಬ್ಬುತ್ತೆ.

ಗರಿಗರಿ

ಸರಿ ಸರ್. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಅಂತ ನಾನು ಹೇಳಿರ್ಲಿಲ್ಲ, ಆದ್ರೂ ಓದೋರು ಹಾಗೆ ಮಾಡಿಯಾರು, ನಿಜ.

ರಂಗುರಂಗೋಲಿ

ಬಿಳಿ ಮಾಡೋದೇ ಯಾಕೆ ಅಂತ ನನ್ನ ವಾದ. ಕ್ರೀಮ್ ಕಾರ್ಡಿಗೆ ಟೀ ಬಣ್ಣದ ಜಾಲರಿಯೇ ಚೆನ್ನ. ಕಪ್ಪು ಕಾರ್ಡಿಗೆ ಹಾಕೋದಾದರೆ ಮಾತ್ರ ಬಿಳಿ ಮಾಡಿ.

ಸೋಡಾ ಪೂರ್ತಿ ಹೋಗಿದೆಯಾ ಅಂತ ನೋಡೋಕೆ ಮನೆಯಲ್ಲೇ ಪರೀಕ್ಷೆ ಇದೆ: ಕೊನೇ ಸಲ ತೊಳೆದ ನೀರಿಗೆ ಚಿಟಿಕೆ ಅರಿಶಿನ ಹಾಕಿ. ಹಳದಿಯೇ ಉಳಿದರೆ ಸರಿ, ಕೆಂಪಗಾದರೆ ಇನ್ನೂ ತೊಳೀಬೇಕು. ಸೋಡಾ ಉಳಿದ ಜಾಲರಿಗೆ ಅರಿಶಿನದ ಬಣ್ಣ ಕಟ್ಟೋಕೆ ಹೋದ್ರೆ ಹಳದಿ ಬದಲು ಇಟ್ಟಿಗೆ ಬಣ್ಣ ಬರೋದೂ ಇದಕ್ಕೇ.

ಧಾರವಾಡಪೇಡೆ

ಒಣಗಿಸೂದು ಹೆಂಗ? ಪೇಪರಿನ್ಯಾಗ ಇಟ್ಟ್ರ ಅಂಟ್ಕೋತಾವ.

ರಂಗುರಂಗೋಲಿ

ನ್ಯೂಸ್‌ಪೇಪರ್ ಬೇಡ್ರಿ, ಮಸಿ ಹತ್ತುತ್ತೆ. ಹಳೇ ಕಾಟನ್ ಬಟ್ಟೆ ಮಡಿಕೆಯಲ್ಲಿ ನೀರು ಹೀರಿಸಿ, ಇನ್ನೂ ತಣ್ಣಗೆ ತಾಗೋ ಹಂತದಲ್ಲೇ ಬಟರ್ ಪೇಪರ್‌ಗೆ ದಾಟಿಸಿ, ಮೇಲೆ ದಪ್ಪ ಪುಸ್ತಕ. ಬಿಸಿಲಿಗೆ ಬಿಚ್ಚಿ ಇಟ್ಟರೆ ಹತ್ತೇ ನಿಮಿಷದಲ್ಲಿ ಹಪ್ಪಳದ ಥರ ಡೊಂಕಾಗುತ್ತೆ.

ಅಂಟಿಸೋದಕ್ಕೆ ಫೆವಿಕಾಲ್ ಮತ್ತು ನೀರು ಸಮಸಮ. ಜಾಲರಿಗೆ ಬಳೀಬೇಡಿ. ಸ್ಪಂಜಿನ ತುಂಡಲ್ಲಿ ಗಾಜಿನ ಮೇಲೆ ತೆಳ್ಳಗೆ ಅಂಟು ಹರಡಿ, ಅದರ ಮೇಲೆ ಜಾಲರಿ ಮಲಗಿಸಿ ಎತ್ತಿದರೆ ನರಕ್ಕೆ ಮಾತ್ರ ಅಂಟು ಹತ್ತಿರುತ್ತೆ. ಜಾಲರಿಯ ತೂತುಗಳಲ್ಲಿ ಹೊಳಪಿನ ಕಲೆ ಬರಲ್ಲ. ಚಿತ್ರ ಬರೀಬೇಕು ಅಂದ್ರೆ ಮಾತ್ರ ಒಂದಕ್ಕೆ ಮೂರು ನೀರಿನ ಅಂಟು ಇಡೀ ಜಾಲರಿಗೆ ಒಂದು ಕೋಟ್ ಕೊಟ್ಟು ತೂತು ತುಂಬಿಸಿ ಒಣಗಿಸಿಕೊಳ್ಳಿ.

ಮುಟ್ಟಾಳೆ

ಕರಾವಳಿಯವರಿಗೆ ಒಂದು ಮಾತು. ಮೈದಾ ಅಂಟು ಬೇಡ. ಮಳೆಗಾಲದಲ್ಲಿ ಬೂಸ್ಟ್ ಹಿಡೀತದೆ, ಬೆಳ್ಳಿಮೀನು ಹುಳ ಬಂದು ಕಾರ್ಡ್ ಸಮೇತ ತಿಂತದೆ. ಬೈಂಡಿಂಗಿನವರು ಮೈದಾ ಅಂಟಿಗೆ ಮೈಲುತುತ್ತ ಹಾಕುವುದು ಇದಕ್ಕೇ, ಆದರೆ ಅದು ವಿಷ, ಮಕ್ಕಳ ಕೆಲಸಕ್ಕೆ ಆಗುವಂಥದ್ದಲ್ಲ. ಪೂರ್ತಿ ಒಣಗಿದ ಮೇಲೆ ಬಿಸಿ ಲ್ಯಾಮಿನೇಷನ್ ಮಾಡಿಸಿಬಿಡಿ, ಪುಸ್ತಕದ ಗುರುತುಪಟ್ಟಿ ಆಗ್ತದೆ. ಸ್ವಲ್ಪ ತೇವ ಉಳಿದಿದ್ದರೂ ಒಳಗೆ ಮಂಜು ಕಟ್ಟುತ್ತದೆ, ನೋಡಿಕೊಳ್ಳಿ.

ಹೊಳೆಹೊಳೆ

ಇದೆಲ್ಲ ಯಾಕೆ, ಸುರಿದ ಮೇಲೆ ಗಾಜಿನ ಥರ ಗಟ್ಟಿಯಾಗೋ ರೆಸಿನ್‌ನಲ್ಲಿ ಎಲೆ ಹಾಕಿ ಕೀಚೈನ್ ಮಾಡಿ. ಮಕ್ಕಳಿಗೆ ಅದೇ ಇಷ್ಟ.

ನಿಧಾನವೇಪ್ರಧಾನ

ಬಂತು ನೋಡಿ ರೆಸಿನ್.

ಅಂಟುವಾಳ

ಗಟ್ಟಿಯಾಗೋ ಮೊದಲು ಎಪಾಕ್ಸಿ ರೆಸಿನ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತೆ, ಒಮ್ಮೆ ಶುರುವಾದ್ರೆ ಮುಂದೆ ಪ್ರತಿ ಸಲ ಬರುತ್ತೆ. ಮಕ್ಕಳ ಶಿಬಿರಕ್ಕೆ ಬೇಡ. ದೊಡ್ಡವರು ಮಾಡೋದಾದ್ರೆ ನೈಟ್ರೈಲ್ ಗ್ಲೌಸ್, ತೆರೆದ ಕಿಟಕಿ. ಡಬ್ಬಿ ಮೇಲೆ ರೆಸಿನ್, ಅದನ್ನ ಗಟ್ಟಿ ಮಾಡೋ ಹಾರ್ಡನರ್ 2:1 ಅಂತಿದ್ದರೆ ಅದು ತೂಕಕ್ಕೋ ಅಳತೆಗೋ ಅಂತ ಓದಿ. ಅಂಟಂಟಾಗೇ ಉಳಿಯೋದು ಬಹುಪಾಲು ಈ ಲೆಕ್ಕ ತಪ್ಪಿ. ಮೇ ತಿಂಗಳ ಸೆಕೆಗೆ ಬೇಗ ಗಟ್ಟಿಯಾಗುತ್ತೆ, ಒಂದೇ ಸಲ ದಪ್ಪಗೆ ಸುರಿದ್ರೆ ಕಾದು ಹೊಗೆಯಾಡುತ್ತೆ.

ಇನ್ನೊಂದು, ಬಿಳಿ ಜಾಲರಿ ರೆಸಿನ್‌ನೊಳಗೆ ಹೆಚ್ಚುಕಡಿಮೆ ಮಾಯ ಆಗುತ್ತೆ. ನರದೊಳಕ್ಕೆ ರೆಸಿನ್ ಇಳಿದು ಪಾರದರ್ಶಕ ಆಗಿಬಿಡುತ್ತೆ. ಮೊದಲೇ ಬಣ್ಣ ಕಟ್ಟಿರಬೇಕು.

ಹೊಳೆಹೊಳೆ

ಓಹ್, ಎಲೆ ಮಾಯ ಆಗೋದು ಅದಕ್ಕಾ! ಥ್ಯಾಂಕ್ಸ್.

ಬಿಸಿಲುಗುದುರೆ

ಸೂಜಿದಾರ ಅವರೇ, ಉಳಿದ ಸೋಡಾ ಮತ್ತು ಹರಿದ ಜಾಲರಿ ಎರಡನ್ನೂ ಬಳಸಿ ಇನ್ನೊಂದು ಮಾಡಬಹುದು: ಅರಿಶಿನದ ನೆರಳಚ್ಚು. ಒಂದು ಚಮಚ ಅರಿಶಿನಪುಡಿಗೆ 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್, ಕುಲುಕಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಬಳಿದು ಕತ್ತಲೆಯಲ್ಲಿ ಒಣಗಿಸಿ. ಮೇಲೆ ಜಾಲರಿ, ಅದರ ಮೇಲೆ ಫೋಟೋ ಫ್ರೇಮಿನ ಗಾಜು, ನಾಲ್ಕು ಕಡೆ ಕ್ಲಿಪ್. ಹನ್ನೊಂದರಿಂದ ಎರಡರ ನಡುವಿನ ಬಿಸಿಲಿಗೆ ಒಂದೆರಡು ಗಂಟೆ. ಬಿಸಿಲು ತಾಗಿದ ಕಡೆ ಅರಿಶಿನ ಮಾಸುತ್ತೆ, ನರದ ನೆರಳು ಬಿದ್ದ ಕಡೆ ಉಳಿಯುತ್ತೆ. ಆಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ ಕುಂಚದಲ್ಲಿ ಸವರಿ. ಮಸುಕು ಹಳದಿ ಮೇಲೆ ಕೆಂಪು ನರ ಎದ್ದು ಬರುತ್ತೆ. ಮಕ್ಕಳು ಕೂಗೋದು ಈ ಕ್ಷಣಕ್ಕೇ.

ಜಾಲರಿ ಕಾಗದಕ್ಕೆ ಒತ್ತಿ ಕೂರದಿದ್ರೆ ಅಚ್ಚು ಮಸುಕಾಗುತ್ತೆ. ಇಡೀ ಎಲೆ ಇಟ್ಟರೆ ಬರೀ ಆಕಾರ ಬರುತ್ತೆ, ನರ ಬರಲ್ಲ. ಸ್ಪಿರಿಟ್ ಹತ್ತಿರ ಬೆಂಕಿ ತರಬೇಡಿ.

ಸೂಜಿದಾರ

ಇದು ಒಂದೇ ದಿನದ ಕೆಲಸ, ಬಹಳ ಚೆನ್ನಾಗಿದೆ. ಅಚ್ಚು ಎಷ್ಟು ದಿನ ಇರುತ್ತೆ?

ಬಿಸಿಲುಗುದುರೆ

ಗೋಡೆಗೆ ತೂಗುಹಾಕಿದ್ರೆ ಮಾಸುತ್ತೆ, ಅರಿಶಿನ ಬೆಳಕಿಗೆ ನಿಲ್ಲಲ್ಲ. ಆಲ್ಬಮ್ ಒಳಗಿದ್ರೆ ಬಾಳಿಕೆ ಹೆಚ್ಚು. ಅಚ್ಚಾದ ದಿನವೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಮುಟ್ಟಾಳೆ

ಸಣ್ಣ ಮಕ್ಕಳಿಗೆ ಅಡಿಕೆ ಹಾಳೆ ಬೀಸಣಿಗೆ ಮಾಡಿಸಿ, ಸೆಕೆಗೂ ಆಯ್ತು. ಬಿದ್ದ ಹಾಳೆಯನ್ನು ಒಂದು ಗಂಟೆ ನೀರಲ್ಲಿ ಹಾಕಿ, ಮೆತ್ತಗಾದ ಮೇಲೆ ಒಳಬದಿಯ ತೆಳು ಪೊರೆ ಸುಲಿದು ತೆಗೆಯಿರಿ, ಅದರಲ್ಲೇ ಬೂಸ್ಟ್ ಮೊದಲು ಹಿಡಿಯುವುದು. ಚಪ್ಪಟೆ ಕಲ್ಲಿನಡಿ ನೆರಳಲ್ಲಿ ಒಣಗಿಸಿ, ಕತ್ತರಿಸಿ. ನಾರು ಹಿಡಿಯಿಂದ ತುದಿಗೆ ಉದ್ದಕ್ಕೆ ಓಡಬೇಕು. ಅಡ್ಡ ಕತ್ತರಿಸಿದರೆ ನಾಲ್ಕು ಸಲ ಬೀಸುವಾಗ ಹಿಡಿಯ ಹತ್ತಿರ ಸೀಳ್ತದೆ. ಅಂಚಿಗೆ ಬಟ್ಟೆ ಪಟ್ಟಿ ಹೊಲಿದರೆ ಕೈಗೆ ಸಿಬಿರು ಚುಚ್ಚುವುದಿಲ್ಲ.

ತುಳಸಿಕಟ್ಟೆ

ಆ ಅಂಚಿನ ಪಟ್ಟಿಯೊಳಗೆ ನಾಲ್ಕು ಎಳೆ ಲಾವಂಚದ ಬೇರು ಇಟ್ಟು ಹೊಲೀರಿ. ನೀರು ಚಿಮುಕಿಸಿ ಬೀಸಿದ್ರೆ ಘಮ ಬರುತ್ತೆ.

ಗರಿಗರಿ

ಬೆಂಗಳೂರಲ್ಲಿ ಹಾಳೆ ಎಲ್ಲಿ ಸಿಗುತ್ತೆ ಸರ್? ನರ್ಸರಿಯಲ್ಲಿ ಕುಂಡದಲ್ಲಿ ಇಡೋ ಅರೆಕಾ ಪಾಮ್ ಆಗುತ್ತಾ?

ಕಟ್ಟೆಪುರಾಣ

ಅದು ಆಗಲ್ಲ, ಹೆಸರಷ್ಟೇ ಅರೆಕಾ, ಹಾಳೆ ಬಹಳ ಕಿರಿದು. ಪಾರ್ಕು, ಬಡಾವಣೆ ರಸ್ತೆಗಳಲ್ಲಿ ಬೂದು ಕಾಂಡದ ಎತ್ತರದ ರಾಯಲ್ ಪಾಮ್ ಇರುತ್ತಲ್ಲ, ಅದರ ಹಾಳೆ ಅಡಿಕೆಯದಕ್ಕಿಂತ ದೊಡ್ಡದು, ಬೀಸಣಿಗೆಗೆ ಚೆನ್ನಾಗಿ ಬರುತ್ತೆ. ದಪ್ಪ ಜಾಸ್ತಿ, ಒಂದು ರಾತ್ರಿ ಪೂರ್ತಿ ನೆನೆಸಿ. ಬಿದ್ದದ್ದನ್ನ ಮಾತ್ರ ತಗೊಳ್ಳಿ, ಮರದ ಕೆಳಗೆ ಮಕ್ಕಳನ್ನ ನಿಲ್ಲಿಸಬೇಡಿ. ಒಂದು ಗರಿ ಹಾಳೆ ಸಮೇತ ಹಲವು ಕೆ.ಜಿ. ತೂಗುತ್ತೆ.